ಸಿದ್ದಿ ಚರಿತ್ರೆಯ ಪ್ರದರ್ಶನಕ್ಕೆ ಸಮುದಾಯದ ಸಲಹಾ ಸಮಿತಿಯನ್ನು ಕಟ್ಟುವ ಬಗೆ

ಒಂದು ಸೀಮೆಯಲ್ಲಿ ನೆಲೆಸಿದ ಆಫ್ರಿಕನ್ ಮೂಲದ ಜನರ ಚರಿತ್ರೆಯನ್ನು ವಸ್ತುಸಂಗ್ರಹಾಲಯದಲ್ಲಿ ತೋರಿಸಲು ಹೊರಟವರು ಸಾಮಾನ್ಯವಾಗಿ ಮೊದಲು ವಿದ್ವಾಂಸರನ್ನು ಕರೆಯುತ್ತಾರೆ, ಬಳಿಕ ವಿನ್ಯಾಸಕಾರರನ್ನು ಕರೆಯುತ್ತಾರೆ, ಫಲಕಗಳು ಅಚ್ಚಿಗೆ ಹೋಗುವ ಹೊತ್ತಿಗೆ ಆ ಸಮುದಾಯದ ನಾಲ್ಕು ಜನರನ್ನು ಕೂರಿಸಿ, ಚಹಾ ಕೊಟ್ಟು, ಅಭಿಪ್ರಾಯ ಕೇಳುತ್ತಾರೆ. ಲಗ್ನಪತ್ರಿಕೆ ಹಂಚಿಯಾದ ಮೇಲೆ ಹುಡುಗಿಯ ಒಪ್ಪಿಗೆ ಕೇಳಿದ ಹಾಗೆ ಇದು. ಅಷ್ಟು ಹೊತ್ತಿಗೆ ಬದಲಾಯಿಸಲು ಉಳಿದಿರುವುದು ಕಾಗುಣಿತದ ತಪ್ಪುಗಳು ಮಾತ್ರ. ಈ ಸರದಿಯನ್ನು ತಿರುಗಿಸಿ, ಪ್ರದರ್ಶನಕ್ಕೆ ಹೆಸರಿಡುವ ಮೊದಲೇ ಸಮುದಾಯದ ಸಲಹೆಗಾರರನ್ನು ಕೂಡಿಸಿಕೊಂಡು ಕೆಲಸ ಮಾಡುವುದು ಹೇಗೆಂಬುದನ್ನು ಇಲ್ಲಿ ವಿವರಿಸುತ್ತೇನೆ. ಉದಾಹರಣೆಗೆ ಉತ್ತರ ಕನ್ನಡದ ಸಿದ್ದಿ ಸಮುದಾಯವನ್ನು ಇಟ್ಟುಕೊಂಡಿದ್ದೇನೆ. ವಿಧಾನದ ಬಹುಪಾಲು ಮಾತ್ರ ಅಮೆರಿಕದ ಕಪ್ಪು ಜನರು ತಮ್ಮ ಚರಿತ್ರೆಗಾಗಿ ನಡೆಸಿದ ಜಗಳಗಳಿಂದ ಬಂದದ್ದು.

ಆ ಜಗಳಗಳಲ್ಲಿ ಎರಡನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಸಮಿತಿ ಏಕೆ ಬೇಕೆಂದು ಹಣ ಕೊಡುವವರು ಕೇಳಿಯೇ ಕೇಳುತ್ತಾರೆ. ವಾಷಿಂಗ್ಟನ್ ನಗರದ ಅನಕೋಸ್ಟಿಯಾದಲ್ಲಿ 1967ರಲ್ಲಿ ಹಳೆಯ ಸಿನಿಮಾ ಮಂದಿರವೊಂದರಲ್ಲಿ ಅಮೆರಿಕದ ರಾಷ್ಟ್ರೀಯ ವಸ್ತುಸಂಗ್ರಹಾಲಯಗಳನ್ನು ನಡೆಸುವ ಸ್ಮಿತ್ಸೋನಿಯನ್ ಸಂಸ್ಥೆಯು ಕೇರಿಯ ವಸ್ತುಸಂಗ್ರಹಾಲಯವೊಂದನ್ನು ತೆರೆಯಿತು. ಅದರ ಮೊದಲ ನಿರ್ದೇಶಕ ಜಾನ್ ಕಿನಾರ್ಡ್ ಅವರು ಸುತ್ತಲಿನ ಜನರ ಮಾತಿಗೆ ಕಿವಿಗೊಟ್ಟರು. ಆ ಜನರ ದಿನನಿತ್ಯದ ಪೀಡೆ ಇಲಿಗಳ ಕಾಟವಾಗಿತ್ತು. 1969ರಲ್ಲಿ ಇಲಿಗಳ ಮೇಲೆಯೇ ಅಲ್ಲಿ ಒಂದು ಪ್ರದರ್ಶನ ನಡೆಯಿತು. ಯಾವ ತಜ್ಞರ ಪಟ್ಟಿಯಲ್ಲೂ ಆ ವಿಷಯ ಇರುತ್ತಿರಲಿಲ್ಲ. ಎರಡನೆಯದು ನ್ಯೂಯಾರ್ಕಿನದು. 1991ರಲ್ಲಿ ಮ್ಯಾನ್‌ಹಟ್ಟನ್ನಿನ ದಕ್ಷಿಣ ಭಾಗದಲ್ಲಿ ಕೇಂದ್ರ ಸರ್ಕಾರದ ಕಚೇರಿಗೆ ನೆಲ ಅಗೆಯುತ್ತಿದ್ದಾಗ ವಸಾಹತು ಕಾಲದ ಆಫ್ರಿಕನ್ನರ ಸ್ಮಶಾನ ಕಾಣಿಸಿಕೊಂಡಿತು. ಅಗೆತ ನಿಲ್ಲಿಸದೆ ಮುಂದುವರಿದಾಗ ನಗರದ ಕಪ್ಪು ಜನರು ಬೀದಿಗಿಳಿದರು, 1992ರಲ್ಲಿ ಕೆಲಸ ನಿಂತಿತು, ಸಂಶೋಧನೆಯು ಹೋವರ್ಡ್ ವಿಶ್ವವಿದ್ಯಾಲಯದ ಮೈಕೆಲ್ ಬ್ಲೇಕಿ ಅವರ ತಂಡದ ಕೈಗೆ ಬಂದಿತು. ಆ ತಂಡವು ಸಂಶೋಧನೆಗೆ ಮೊದಲು ತನ್ನ ಪ್ರಶ್ನೆಗಳನ್ನು ಜನರ ಮುಂದಿಟ್ಟಿತು: ಇವರು ಎಲ್ಲಿಂದ ಬಂದವರು, ಇಲ್ಲಿ ಬಂದ ಮೇಲೆ ಹೇಗೆ ಬದಲಾದರು, ಬಂಧನದಲ್ಲಿ ಅವರ ಬದುಕು ಎಂಥದ್ದಿತ್ತು, ಅವರು ಹೇಗೆ ಪ್ರತಿರೋಧಿಸಿದರು. ಕೊನೆಗೆ 2003ರಲ್ಲಿ 419 ಮಂದಿಯ ಅವಶೇಷಗಳನ್ನು ಘಾನಾದಲ್ಲಿ ಕೆತ್ತಿದ ಮರದ ಪೆಟ್ಟಿಗೆಗಳಲ್ಲಿಟ್ಟು ಅದೇ ನೆಲದಲ್ಲಿ ಮತ್ತೆ ಮಣ್ಣು ಮಾಡಲಾಯಿತು. ನಮಗೆ ಇಲ್ಲಿ ಕಲಿಯಲು ಇರುವುದು ಒಂದೇ ಅಂಶ: ಉತ್ತರಗಳನ್ನು ಸಮುದಾಯಕ್ಕೆ ತೋರಿಸುವುದಕ್ಕಿಂತ ಪ್ರಶ್ನೆಗಳನ್ನು ಸಮುದಾಯದೊಂದಿಗೆ ಕೂತು ಬರೆಯುವುದು ಹೆಚ್ಚಿನದು.

ಸಮಿತಿಯಲ್ಲಿ ಯಾರಿರಬೇಕು

ಸಂಘದ ಅಧ್ಯಕ್ಷರಿಗೆ ಫೋನು ಮಾಡಿ ಐದು ಹೆಸರು ಬರೆದುಕೊಳ್ಳುವುದು ಎಲ್ಲಕ್ಕಿಂತ ಸುಲಭದ ದಾರಿ ಮತ್ತು ಎಲ್ಲಕ್ಕಿಂತ ಕೆಟ್ಟ ದಾರಿ. ಸಿದ್ದಿಯರು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ ತಾಲ್ಲೂಕುಗಳಲ್ಲಿ ಚದುರಿದ್ದಾರೆ. ಪಕ್ಕದ ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲೂ ಇದ್ದಾರೆ. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಯರಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ದೊರೆಯಿತು, ಧಾರವಾಡ ಮತ್ತು ಬೆಳಗಾವಿಯವರು ಅದಕ್ಕಾಗಿ 2020ರವರೆಗೆ ಕಾಯಬೇಕಾಯಿತು. ಒಂದೇ ಕುಟುಂಬದ ಎರಡು ಕವಲುಗಳು ಜಿಲ್ಲೆಯ ಗಡಿಯ ಆಚೆ ಈಚೆ ಇದ್ದ ಕಾರಣಕ್ಕೆ ಹದಿನೇಳು ವರ್ಷ ಬೇರೆ ಬೇರೆ ಕಾಗದ ಹಿಡಿದುಕೊಂಡಿರಬೇಕಾಗುವಂಥ ಸ್ಥಿತಿಯನ್ನು ಯಲ್ಲಾಪುರದ ಐದು ಜನರ ಸಮಿತಿ ನೆನಪಿಸಿಕೊಳ್ಳುವ ಸಂಭವ ಕಡಿಮೆ.

ಹನ್ನೊಂದರಿಂದ ಹದಿಮೂರು ಸದಸ್ಯರು ಸಾಕು. ಅದಕ್ಕಿಂತ ಹೆಚ್ಚಾದರೆ ಸಭೆಯು ಸಮಾವೇಶವಾಗುತ್ತದೆ. ಮೂರು ಧರ್ಮಗಳು, ಕನಿಷ್ಠ ನಾಲ್ಕು ತಾಲ್ಲೂಕುಗಳು, ಅರ್ಧದಷ್ಟು ಹೆಂಗಸರು, ಅರವತ್ತು ದಾಟಿದವರು ಇಬ್ಬರು ಮೂವರು, ಇಪ್ಪತ್ತೈದರೊಳಗಿನವರು ಅಷ್ಟೇ ಜನ, ಶಾಲೆಯ ಶಿಕ್ಷಕರೊಬ್ಬರು ಎಂದು ಲೆಕ್ಕ ಹಾಕಿಕೊಳ್ಳಿ. ಜೊತೆಗೆ ಇಂಥ ಪ್ರದರ್ಶನವೇ ಬೇಡ ಎನ್ನುವ ಒಬ್ಬರನ್ನು ಹುಡುಕಿ ಒಪ್ಪಿಸಿ. ಅವರು ಎತ್ತುವ ಆಕ್ಷೇಪಣೆ ನಾಳೆ ಪತ್ರಿಕೆಯ ಓದುಗರ ಪತ್ರದಲ್ಲಿ ಬರುವ ಬದಲು ಇಂದು ಸಮಿತಿಯ ನಡಾವಳಿಯಲ್ಲಿ ಬರಲಿ.

ಹೆಸರು ಆರಿಸಲು ಒಂದೂವರೆ ತಿಂಗಳು ಇಟ್ಟುಕೊಂಡು ಹಳ್ಳಿಗಳಿಗೆ ನೀವೇ ಹೋಗಿ. ಮಳೆಗಾಲದಲ್ಲೂ ಸುಗ್ಗಿಯಲ್ಲೂ ಹೋಗಬೇಡಿ.

ಯಾರ ಮಾತು ಎಲ್ಲಿ ಕೊನೆಯದು

ಮೊದಲ ಸಭೆಗೆ ಮೊದಲೇ ಎರಡು ಪುಟದ ಒಂದು ಒಪ್ಪಂದ ಸಿದ್ಧವಾಗಬೇಕು. ಇದನ್ನು ಬಿಟ್ಟರೆ ಸಮಿತಿಯು ಶೋಭೆಗೆ ಮಾತ್ರ ಉಳಿಯುತ್ತದೆ ಎಂಬುದು ನನ್ನ ಅನುಭವ. ಅದರಲ್ಲಿ ಮೂರು ಬಗೆಯ ನಿರ್ಧಾರಗಳನ್ನು ಬಿಡಿಸಿ ಬರೆಯಿರಿ. ಪೂಜೆಗೆ ಸಂಬಂಧಿಸಿದ ವಸ್ತುಗಳು, ತೀರಿಕೊಂಡವರ ಫೋಟೋಗಳು, ಸಮುದಾಯವನ್ನು ಕರೆಯುವ ಪದಗಳು, ಯಾವುದನ್ನು ತೋರಿಸಬಾರದು ಎಂಬುದು: ಇವುಗಳಲ್ಲಿ ಸಮಿತಿಯ ಮಾತೇ ಕೊನೆಯದು. ಪ್ರದರ್ಶನದ ಹೆಸರು, ಕಥೆಯ ಮೊದಲು ಕೊನೆ, ಕೋಣೆಗಳ ಸರದಿ: ಇವು ಜಂಟಿ ತೀರ್ಮಾನ, ಅಂದರೆ ಎರಡೂ ಕಡೆಯವರು ಒಪ್ಪುವವರೆಗೆ ಕೆಲಸ ಮುಂದೆ ಹೋಗುವುದಿಲ್ಲ. ಬೆಂಕಿಯ ಸುರಕ್ಷತೆ, ವಿದ್ಯುತ್ತು, ಟೆಂಡರು, ವಸ್ತುಗಳ ಸಂರಕ್ಷಣೆ: ಇವು ಸಂಸ್ಥೆಯವು, ಸಮಿತಿಗೆ ವಿವರಣೆ ಕೊಟ್ಟರೆ ಸಾಕು.

ಬರೆದ ಮಾತು ಎಷ್ಟು ಬಿಗಿಯಾಗಿರಬೇಕು ಎಂಬುದಕ್ಕೆ ವರ್ಜೀನಿಯಾದ ಮಾಂಟ್‌ಪೀಲಿಯರ್ ಒಂದು ನಿದರ್ಶನ. ಅಮೆರಿಕದ ನಾಲ್ಕನೆಯ ಅಧ್ಯಕ್ಷ ಜೇಮ್ಸ್ ಮ್ಯಾಡಿಸನ್ ಅವರ ಆ ಎಸ್ಟೇಟಿನಲ್ಲಿ ನೂರಾರು ಮಂದಿ ಗುಲಾಮಗಿರಿಯಲ್ಲಿ ದುಡಿದಿದ್ದರು. ಹಾಗೆ ದುಡಿದವರ ವಂಶಸ್ಥರ ಜೊತೆಗೂಡಿ 2017ರಲ್ಲಿ ಒಂದು ಪ್ರದರ್ಶನ ಸಿದ್ಧವಾಯಿತು, ಮರುವರ್ಷ ಅಲ್ಲಿ ಸೇರಿದ ಸಭೆಯಿಂದ ವಂಶಸ್ಥರೊಂದಿಗೆ ಕೆಲಸ ಮಾಡುವ ಕ್ರಮದ ಬಗ್ಗೆ ಒಂದು ಮಾರ್ಗಸೂಚಿಯೂ ಹೊರಬಂದಿತು, 2021ರಲ್ಲಿ ಆಡಳಿತ ಮಂಡಳಿಯಲ್ಲಿ ವಂಶಸ್ಥರಿಗೆ ಸಮಪಾಲು ಕೊಡುವ ತೀರ್ಮಾನವಾಯಿತು. 2022ರ ಮಾರ್ಚಿನಲ್ಲಿ ಅದೇ ಮಂಡಳಿ ಹಿಂದೆ ಸರಿಯಿತು. ವಿರೋಧಿಸಿದ ಹಿರಿಯ ಸಿಬ್ಬಂದಿ ಕೆಲಸ ಕಳೆದುಕೊಂಡರು, ದೇಶದಾದ್ಯಂತ ಗದ್ದಲವೆದ್ದಿತು, ಮೇ ತಿಂಗಳಲ್ಲಿ ವಂಶಸ್ಥರ ಸಮಿತಿ ಸೂಚಿಸಿದ ಪಟ್ಟಿಯಿಂದ 11 ಮಂದಿಯನ್ನು ಮಂಡಳಿಗೆ ಆರಿಸಬೇಕಾಯಿತು. ಒಳ್ಳೆಯ ಪ್ರದರ್ಶನ ಮಾಡಿದ ಸಂಸ್ಥೆಯೇ ಅಧಿಕಾರ ಹಂಚುವ ಹೊತ್ತಿಗೆ ಕಾಲು ಹಿಂದಿಟ್ಟಿತು ಎಂಬುದನ್ನು ಗಮನಿಸಿ. ಆದ್ದರಿಂದ ಒಪ್ಪಂದವನ್ನು ರದ್ದು ಮಾಡಲು ಏನು ಮಾಡಬೇಕು, ಎಷ್ಟು ದಿನದ ನೋಟಿಸು ಕೊಡಬೇಕು ಎಂಬ ಸಾಲನ್ನೂ ಸೇರಿಸಿ. ನಿರ್ದೇಶಕರು ವರ್ಗವಾಗಿ ಹೋದರೂ ಆ ಕಾಗದ ಉಳಿಯಬೇಕು.

ದಿನಗೂಲಿ, ಬಸ್ಸು, ಭಾಷೆ

ಹೊಲದ ಕೆಲಸಕ್ಕೋ ತೋಟದ ಕೆಲಸಕ್ಕೋ ಹೋಗುವವರು ಒಂದು ದಿನ ಸಭೆಗೆ ಬಂದರೆ ಅಂದಿನ ಕೂಲಿ ತಪ್ಪುತ್ತದೆ. ಪ್ರಾಧ್ಯಾಪಕರಿಗೆ ಸಂಬಳದೊಂದಿಗೆ ಸಭಾ ಭತ್ಯೆ ಕೊಟ್ಟು, ಇವರಿಗೆ ಶಾಲು ಹೊದಿಸಿ ಕಳಿಸುವ ಪದ್ಧತಿಯನ್ನು ನಿಲ್ಲಿಸಿ. ತಪ್ಪಿದ ಕೂಲಿ, ಬಸ್ಸಿನ ಖರ್ಚು, ಪ್ರಾಧ್ಯಾಪಕರಿಗೆ ಕೊಡುವಷ್ಟೇ ಗೌರವಧನ, ಮೂರನ್ನೂ ಸಭೆ ಮುಗಿದ ಕೂಡಲೇ ಕೈಗೆ ಕೊಡಿ. ಬಿಲ್ಲು ಖಜಾನೆಯಲ್ಲಿ ಮೂರು ತಿಂಗಳು ಮಲಗಿದರೆ ಎರಡನೆಯ ಸಭೆಗೆ ಅರ್ಧ ಜನ ಬರುವುದಿಲ್ಲ. ಊರಿಗೆ ಹೋಗುವ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ವಿಚಾರಿಸಿಕೊಂಡೇ ಸಭೆಯ ಸಮಯ ಗೊತ್ತುಮಾಡಿ. ಮೂರರಲ್ಲಿ ಎರಡು ಸಭೆಗಳನ್ನು ಹಳ್ಳಿಯ ಶಾಲೆಯಲ್ಲೋ ಅಂಗಳದಲ್ಲೋ ನಡೆಸಿ.

ಮನೆಯಲ್ಲಿ ಸಿದ್ದಿಯರು ಆಡುವುದು ಬಹುಮಟ್ಟಿಗೆ ತಮ್ಮದೇ ಬಗೆಯ ಕೊಂಕಣಿ. ಕನ್ನಡ ಚೆನ್ನಾಗಿ ಬರುತ್ತದೆ, ಆದರೂ ಹಳೆಯ ಸಂಗತಿಯನ್ನು ಮನೆಮಾತಿನಲ್ಲಿ ಹೇಳುವುದಕ್ಕೂ ಅಧಿಕಾರಿಗಳ ಮುಂದೆ ಕನ್ನಡದಲ್ಲಿ ಹೇಳುವುದಕ್ಕೂ ಅಂತರವಿದೆ. ಸಭೆಯಲ್ಲಿ ಎರಡೂ ಭಾಷೆ ನಡೆಯಲಿ. ನಡಾವಳಿಯನ್ನು ಬರೆದು ಅಂಚೆಯಲ್ಲಿ ಕಳಿಸಿ ಕೈತೊಳೆದುಕೊಳ್ಳದೆ, ಮುಂದಿನ ಸಭೆಯ ಆರಂಭದಲ್ಲಿ ಗಟ್ಟಿಯಾಗಿ ಓದಿಸಿ, ತಿದ್ದಿಸಿಕೊಂಡು, ಆಮೇಲೆ ಸಹಿ ಹಾಕಿಸಿ.

ಕಥೆ ಎಲ್ಲಿಂದ ಶುರುವಾಗಬೇಕು

ಮೊದಲ ಎರಡು ಸಭೆಗಳಲ್ಲಿ ಸಂಸ್ಥೆಯವರು ಒಂದು ಸ್ಲೈಡನ್ನೂ ತೋರಿಸಬಾರದು. ನೋಡಲು ಬರುವವರು ಯಾವ ಮೂರು ಪ್ರಶ್ನೆಗೆ ಉತ್ತರ ತಿಳಿದುಕೊಂಡು ಹೋಗಬೇಕು ಎಂದು ಕೇಳಿ, ಬಂದದ್ದನ್ನು ಬರೆದುಕೊಳ್ಳಿ. ಆಗ ಮೇಲೇಳುವ ಚರ್ಚೆಯನ್ನು ಈಗಲೇ ಊಹಿಸಬಹುದು. ದಖ್ಖನಿನಲ್ಲಿ ಆಫ್ರಿಕನ್ ಮೂಲದವರು ದೊಡ್ಡ ಅಧಿಕಾರಕ್ಕೆ ಏರಿದ್ದರು: ಅಹಮದ್‌ನಗರದ ನಿಜಾಮಶಾಹಿ ರಾಜ್ಯವನ್ನು ಬೀಳದಂತೆ ಎತ್ತಿಹಿಡಿದು ಮೊಗಲರನ್ನು ಕಾಡಿದ, 1626ರಲ್ಲಿ ತೀರಿಕೊಂಡ ಮಲಿಕ್ ಅಂಬರ್, ಬಿಜಾಪುರದಲ್ಲಿ ಮುಹಮ್ಮದ್ ಆದಿಲ್ ಶಾಹನ ಮಂತ್ರಿಯಾಗಿದ್ದ ಇಖ್ಲಾಸ್ ಖಾನ್. ವಿದ್ವಾಂಸರಿಗೂ ಪ್ರಾಯೋಜಕರಿಗೂ ಈ ಕಥೆ ಇಷ್ಟ, ಚಿತ್ರಗಳೂ ಸಿಗುತ್ತವೆ. ಕಾಡಿನ ಅಂಚಿನ ಸಿದ್ದಿಯರ ಚರಿತ್ರೆಯ ಮುಖ್ಯ ಎಳೆಯಾದರೋ ಪೋರ್ಚುಗೀಸರು ಆಫ್ರಿಕಾದ ಪೂರ್ವ ಕರಾವಳಿಯಿಂದ ಗೋವೆಗೆ ತಂದು ದುಡಿಸಿಕೊಂಡವರು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು, ಆಮೇಲೆ ಇಲ್ಲಿನ ಜಮೀನುದಾರರ ಹೊಲಗಳಲ್ಲಿ ದುಡಿದವರು ಇವರ ಕಥೆ. ಎರಡನ್ನೂ ಒಂದೇ ವಂಶವೃಕ್ಷದಂತೆ ಹೆಣೆಯುವ ಆತುರ ಬೇಡ. ಸರದಾರರನ್ನು ಮೊದಲ ಕೋಣೆಯಲ್ಲಿ ಇಡಬೇಕೋ, ಒಂದು ಗೋಡೆಯಲ್ಲಿ ಮುಗಿಸಬೇಕೋ, ಬಿಡಬೇಕೋ ಎಂಬುದನ್ನು ಸಮಿತಿ ಚರ್ಚಿಸಲಿ. ಯುವಕರಿಗೆ ಮಲಿಕ್ ಅಂಬರ್ ಬೇಕೆನಿಸಬಹುದು, ಹಿರಿಯರಿಗೆ ತಮ್ಮ ಅಜ್ಜ ಕಡಿದು ಹಸನು ಮಾಡಿದ ಗದ್ದೆಯ ಪಟ್ಟೆ ಏಕೆ ಸಿಗಲಿಲ್ಲ ಎಂಬುದೇ ದೊಡ್ಡ ಚರಿತ್ರೆಯಾಗಿ ಕಾಣಬಹುದು. ನನ್ನ ಮತ ಹಿರಿಯರ ಕಡೆಗಿದೆ, ಆದರೆ ಆ ಸಭೆಯಲ್ಲಿ ನನಗೆ ಮತವಿಲ್ಲ.

ಸೀಮೆಯ ಚರಿತ್ರೆ ಎಂದರೆ ಆ ಸೀಮೆಗೆ ಮಾತ್ರ ಸೇರಿದ ಗಂಟನ್ನು ಬಿಚ್ಚುವುದು. ಅಮೆರಿಕದ ಆರೆಗನ್ ರಾಜ್ಯದಲ್ಲಿ ಕಪ್ಪು ಜನರ ಚರಿತ್ರೆ ಹತ್ತಿಯ ಹೊಲಗಳ ಮಾತನ್ನೇ ಎತ್ತದೆ ಸಾಗಬಲ್ಲದು, ಏಕೆಂದರೆ ಅಲ್ಲಿನ ಗಂಟು ಬೇರೆ: ಕಪ್ಪು ಜನರು ಅಲ್ಲಿ ಬಂದು ನೆಲೆಸುವುದನ್ನೇ ನಿಷೇಧಿಸಿದ್ದ 1857ರ ರಾಜ್ಯ ಸಂವಿಧಾನದ ಕಲಮು 1926ರಲ್ಲಿ ರದ್ದಾಯಿತು. ನಮ್ಮಲ್ಲಿ ಅಂಥ ಗಂಟುಗಳು ಕಾಡು, ಪಟ್ಟೆ, ಜಾತಿ ಪ್ರಮಾಣಪತ್ರ, 1980ರ ದಶಕದ ಕೊನೆಯಲ್ಲಿ ಸಿದ್ದಿ ಮಕ್ಕಳನ್ನು ಓಟಗಾರರನ್ನಾಗಿ ಮಾಡಲು ಹೊರಟು ಮಧ್ಯದಲ್ಲೇ ಕೈಬಿಟ್ಟ ಕ್ರೀಡಾ ಯೋಜನೆ ಇತ್ಯಾದಿ.

ಒಂದು ಕವಂದಿಯನ್ನು ತೂಗುಹಾಕಿದ ಕಥೆ

ಹಲವು ವರ್ಷಗಳ ಹಿಂದೆ ನಾನು ಕೈಜೋಡಿಸಿದ್ದ ಒಂದು ಸಣ್ಣ ಪ್ರದರ್ಶನದಲ್ಲಿ ಸಿದ್ದಿ ಹೆಂಗಸರು ಹೊಲಿದ ಕವಂದಿಯೊಂದನ್ನು ಇಟ್ಟಿದ್ದೆವು. ಬಯಲುಸೀಮೆಯವರು ಕೌದಿ ಎನ್ನುವ ಹೊದಿಕೆಗೆ ಹತ್ತಿರದ್ದು ಇದು; ಹಳೆಯ ಸೀರೆಯನ್ನು ಅಡಿಗೆ ಹಾಸಿ, ಅದರ ಮೇಲೆ ಹಳೆ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಸುತ್ತುತ್ತ ನಡುವಿನ ಕಡೆಗೆ ಹೊಲಿಯುತ್ತ ಹೋಗುತ್ತಾರೆ, ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಮುಮ್ಮೂಲೆಗಳನ್ನು ಕೂಡಿಸುತ್ತಾರೆ, ಅದಕ್ಕೆ ಹೂವು ಎಂಬ ಅರ್ಥದ ಫುಲಾ ಎಂದು ಹೆಸರು. ನಾವು ಅದನ್ನು ಗೋಡೆಗೆ ಬಿಗಿಯಾಗಿ ಹಚ್ಚಿ, ಮುಂದೆ ಗಾಜು ಹಾಕಿ, ಆಧುನಿಕ ವರ್ಣಚಿತ್ರದ ಹಾಗೆ ಕಾಣುವಂತೆ ಮಾಡಿದ್ದೆವು ಮತ್ತು ಅದರ ಬಗ್ಗೆ ಒಳಗೊಳಗೇ ಹೆಮ್ಮೆಪಟ್ಟಿದ್ದೆವು. ಉದ್ಘಾಟನೆಯ ಹಿಂದಿನ ದಿನ ಬಂದ ಒಬ್ಬ ಹಿರಿಯ ಹೆಂಗಸು ಗಾಜಿಗೆ ಕೆನ್ನೆ ತಾಗಿಸಿ ಬದಿಯಿಂದ ಒಳಗೆ ಇಣುಕತೊಡಗಿದರು. ಏನು ನೋಡುತ್ತಿದ್ದೀರಿ ಅಮ್ಮಾ ಎಂದು ಕೇಳಿದೆ. "ಹಿಂದಿನ ಸೀರೆ ಯಾರದ್ದು ಅಂತ ನೋಡ್ತಿದ್ದೆ" ಎಂದರು. ಹೊಲಿಗೆಯ ಸಾಲು ನೆಟ್ಟಗೆ ಬಿದ್ದಿದೆಯೋ ಇಲ್ಲವೋ ಎಂಬುದೂ ಹಿಂಬದಿಯಲ್ಲೇ ತಿಳಿಯುವುದು ಎಂದು ಆಮೇಲೆ ಹೇಳಿದರು. ಹಿಂಬದಿ ಗೋಡೆಗೆ ಅಂಟಿತ್ತು. ನಾವು ಅವರಿಗೆ ತೋರಿಸಿದ್ದು ವಸ್ತುವಿನ ಅರ್ಧ ಭಾಗವನ್ನು, ಅದೂ ಅವರು ಲೆಕ್ಕಕ್ಕೆ ಹಿಡಿಯದ ಅರ್ಧವನ್ನು. ಸಂಸ್ಥೆಯವರು ಅಂದು ಏನೂ ಬದಲಾಯಿಸಲು ಒಪ್ಪಲಿಲ್ಲ, ಗಾಜಿನ ಬಿಲ್ಲು ಆಗಲೇ ಪಾಸಾಗಿತ್ತು.

ಅದರಿಂದ ನಾನು ಕಲಿತ ಕ್ರಮ ಹೀಗಿದೆ. ವಸ್ತುವನ್ನು ಆರಿಸಿದ ದಿನವೇ, ವಿನ್ಯಾಸಕಾರರು ನಕ್ಷೆ ಬರೆಯುವ ಮೊದಲು, ಅದನ್ನು ಸಮಿತಿಯ ಮುಂದೆ ನೆಲದ ಮೇಲೆ ಹರಡಿ. ಅವರು ಅದನ್ನು ಕೈಗೆತ್ತಿಕೊಳ್ಳಲಿ, ತಿರುಗಿಸಲಿ, ಮಡಚಲಿ. ಅವರ ಕೈ ಮೊದಲು ಎಲ್ಲಿಗೆ ಹೋಗುತ್ತದೆ ಎಂದು ಗಮನಿಸಿ ಬರೆದುಕೊಳ್ಳಿ. ಕವಂದಿಯಾದರೆ ಎರಡೂ ಬದಿ ಕಾಣುವಂತೆ ಕೋಣೆಯ ನಡುವೆ ಅಗಲವಾದ ಅಡ್ಡಪಟ್ಟಿಯ ಮೇಲೆ, ಅಂಗಳದ ಹಗ್ಗಕ್ಕೆ ಹಾಕಿದ ಹಾಗೆ, ಇಳಿಬಿಡಬಹುದು. ಬಟ್ಟೆಗೆ ಬೆಳಕು 50 ಲಕ್ಸ್ ಮೀರಬಾರದೆಂಬ ಸಂರಕ್ಷಣೆಯ ನಿಯಮವನ್ನು ಆಗ ವಿವರಿಸಿ, ಕೋಣೆ ಏಕೆ ಮಬ್ಬಾಗಿರುತ್ತದೆ ಎಂದು ಅವರಿಗೂ ತಿಳಿಯಲಿ. ಸಿದ್ದಿಯರ ಚರ್ಮವಾದ್ಯವಾದ ಡಮಾಮಿಯನ್ನು ಇಡುವಾಗಲೂ ಇದೇ ಕ್ರಮ: ಯಾರು ಮುಟ್ಟಬಹುದು, ಯಾವ ಸ್ಥಿತಿಯಲ್ಲಿ ನಿಲ್ಲಿಸಬಹುದು, ಶಬ್ದವನ್ನು ಧ್ವನಿಮುದ್ರಿಸಿ ದಿನವಿಡೀ ಕೇಳಿಸಬಹುದೇ ಎಂದು ಕೇಳಿ. ಬೇಡ ಎಂದರೆ ಕಾರಣ ಕೇಳುತ್ತ ಕೂರಬೇಡಿ.

ಧ್ವನಿಮುದ್ರಣಕ್ಕೆ ಒಪ್ಪಿಗೆ ಪಡೆಯುವಾಗ ಒಂದೇ ಸಹಿಯಲ್ಲಿ ಎಲ್ಲವನ್ನೂ ಮುಗಿಸದೆ, ಧ್ವನಿಯನ್ನು ಸಭಾಂಗಣದಲ್ಲಿ ಕೇಳಿಸಬಹುದೇ, ಹೆಸರು ಹಾಕಬಹುದೇ, ಅಂತರ್ಜಾಲಕ್ಕೆ ಏರಿಸಬಹುದೇ ಎಂದು ಮೂರು ಬಾರಿ ಕೇಳಿ. ಒಂದು ಪ್ರತಿಯನ್ನು ಹೇಳಿದವರ ಮನೆಗೆ, ಅವರ ಮೊಬೈಲಿನಲ್ಲಿ ತೆರೆಯುವ ರೂಪದಲ್ಲಿ, ತಲುಪಿಸಿ.

ಫಲಕದ ಕನ್ನಡ

ಇಂಗ್ಲಿಷ್ ಫಲಕ ಬರೆಯುವವರಿಗೆ ಇಲ್ಲದ ಒಂದು ತೊಡಕು ಕನ್ನಡದವರಿಗಿದೆ. ನಮ್ಮ ಕ್ರಿಯಾಪದವು ಗೌರವವನ್ನೋ ತಾತ್ಸಾರವನ್ನೋ ಬಾಲಕ್ಕೆ ಕಟ್ಟಿಕೊಂಡೇ ಬರುತ್ತದೆ. ಜಮೀನುದಾರರ ಮನೆಯ ಹಿರಿಯರು "ಕಟ್ಟಿಸಿದರು", ಅದೇ ಮನೆಯಲ್ಲಿ ದುಡಿದ ಸಿದ್ದಿ ಹೆಂಗಸು "ಕಸ ಗುಡಿಸುತ್ತಿದ್ದಳು". ಬರೆದವರಿಗೆ ಇದರಲ್ಲಿ ದುರುದ್ದೇಶ ಇರಲಿಕ್ಕಿಲ್ಲ, ನಾಲಗೆಯ ರೂಢಿ ಹಾಗೆ ಬರೆಸುತ್ತದೆ. ಕರಡು ಫಲಕಗಳಲ್ಲಿ ಏಕವಚನದ ಕ್ರಿಯಾಪದ ಬಂದಲ್ಲೆಲ್ಲ ಕೆಂಪು ಗೆರೆ ಎಳೆಯಲು ಸಮಿತಿಯ ಒಬ್ಬ ಯುವ ಸದಸ್ಯರಿಗೆ ಹೇಳಿ, ಎಷ್ಟು ಗೆರೆ ಬಿದ್ದವೆಂದು ನೋಡಿ. ಗುಲಾಮ ಎಂಬ ಪದವನ್ನೂ ಹಾಗೆಯೇ ಚರ್ಚೆಗಿಡಿ. ಅಮೆರಿಕದ ವಸ್ತುಸಂಗ್ರಹಾಲಯಗಳು ಅದನ್ನು ವ್ಯಕ್ತಿಯ ಹೆಸರಿನಂತೆ ಬಳಸುವುದನ್ನು ಬಹುಮಟ್ಟಿಗೆ ಬಿಟ್ಟಿವೆ, ಯಾರೋ ಅವರನ್ನು ಗುಲಾಮಗಿರಿಗೆ ತಳ್ಳಿದರು ಎಂಬುದು ವಾಕ್ಯದಲ್ಲಿ ಕಾಣಬೇಕೆಂಬುದು ಅದರ ಹಿಂದಿನ ವಿಚಾರ. "ಗುಲಾಮರನ್ನು ಮಾರುತ್ತಿದ್ದರು" ಎಂಬ ಕಡೆ "ಪೋರ್ಚುಗೀಸ್ ವ್ಯಾಪಾರಿಗಳು ಜನರನ್ನು ಮಾರುತ್ತಿದ್ದರು" ಎಂದು ಬರೆದರೆ ಕನ್ನಡಕ್ಕೂ ಅದು ಸಲೀಸಾಗಿ ಒಗ್ಗುತ್ತದೆ.

ಹಳೆಯ ಫೋಟೋದ ಕೆಳಗೆ "ಸಿದ್ದಿ ಮಹಿಳೆ" ಎಂದು ಮಾತ್ರ ಬರೆದು ಮುಗಿಸಬೇಡಿ. ಫೋಟೋದ ಪ್ರತಿಗಳನ್ನು ಹಳ್ಳಿಗಳಿಗೆ ಒಯ್ದು ಹೆಸರು ಹುಡುಕಿ. ಸಿಗದಿದ್ದರೆ "ಹೆಸರನ್ನು ಯಾರೂ ಬರೆದಿಟ್ಟಿಲ್ಲ" ಎಂದೇ ಹಾಕಿ. ದೇಹದ ಅಳತೆ ತೆಗೆಯಲು ಮಾಡಿದ ಫೋಟೋಗಳಿದ್ದರೆ ಅವನ್ನು ಸಮಿತಿ ಕಂಡ ಮೇಲೆಯೇ ಉಳಿದವರು ನೋಡಲಿ.

ಕರಡನ್ನು ಕಂಪ್ಯೂಟರಿನಲ್ಲಿ ಓದಿ ಒಪ್ಪಿದರೆ ಸಾಲದು. ಎಲ್ಲ ಫಲಕಗಳನ್ನೂ ಸಾಧಾರಣ ಕಾಗದದಲ್ಲಿ ಮುದ್ರಿಸಿ, ಖಾಲಿ ಕೋಣೆಯ ಗೋಡೆಗೆ ನಿಜವಾದ ಎತ್ತರದಲ್ಲಿ ಅಂಟಿಸಿ, ಸಮಿತಿಯವರು ತಮ್ಮ ಮನೆಯವರೊಂದಿಗೆ ನಡೆದು ನೋಡುವಂತೆ ಮಾಡಿ. ಟೊರಾಂಟೊದ ರಾಯಲ್ ಆಂಟಾರಿಯೊ ಮ್ಯೂಸಿಯಂನಲ್ಲಿ 1989ರ ನವೆಂಬರಿನಲ್ಲಿ ಆಫ್ರಿಕಾದ ಮೇಲೆ ಒಂದು ಪ್ರದರ್ಶನ ತೆರೆಯಿತು. ವಸಾಹತುಶಾಹಿ ಸೈನಿಕರ ಮತ್ತು ಮಿಷನರಿಗಳ ಮಾತುಗಳನ್ನು ಉದ್ಧರಣ ಚಿಹ್ನೆಯೊಳಗಿಟ್ಟು, ಓದುಗರು ವ್ಯಂಗ್ಯವನ್ನು ತಾವೇ ಅರ್ಥ ಮಾಡಿಕೊಳ್ಳುತ್ತಾರೆ ಎಂದು ಅಲ್ಲಿ ನಂಬಲಾಗಿತ್ತು. ನಗರದ ಕಪ್ಪು ಜನರಿಗೆ ಗೋಡೆಯ ಮೇಲೆ ಕಂಡದ್ದು ಬೈಗಳು ಮಾತ್ರ. ತಿಂಗಳುಗಟ್ಟಲೆ ಪ್ರತಿಭಟನೆ ನಡೆಯಿತು, ಪ್ರದರ್ಶನ ಹೋಗಬೇಕಾಗಿದ್ದ ಬೇರೆ ಮ್ಯೂಸಿಯಂಗಳು ಅದನ್ನು ಬೇಡವೆಂದವು, ಸಂಸ್ಥೆ ಕ್ಷಮೆ ಕೇಳುವ ಹೊತ್ತಿಗೆ 2016 ಬಂದಿತ್ತು. ಕಾಗದದ ಫಲಕ ಹಚ್ಚಿ ಹತ್ತು ಮನೆಯವರನ್ನು ನಡೆಸಿ ನೋಡಿದ್ದರೆ ಒಂದು ಮಧ್ಯಾಹ್ನದಲ್ಲಿ ತಿಳಿಯಬಹುದಾಗಿದ್ದ ಸಂಗತಿ ಅದು.

ಸಮಿತಿಯೊಳಗೇ ಒಮ್ಮತ ಬಾರದಿದ್ದಾಗ

ಬಾರದು ಎಂದೇ ಇಟ್ಟುಕೊಳ್ಳಿ. ಮದ್ಯಪಾನದ ಸಮಸ್ಯೆಯನ್ನು ತೋರಿಸಬೇಕೇ, ಮತಾಂತರದ ಬಗ್ಗೆ ಏನು ಹೇಳಬೇಕು, ಆಫ್ರಿಕಾ ತಮ್ಮ ತಾಯ್ನಾಡೋ ಅಥವಾ ಬರಿಯ ಹಿಂದಣ ಊರೋ ಎಂಬ ಪ್ರಶ್ನೆಗಳಿಗೆ ಒಂದು ಸಮುದಾಯದಲ್ಲಿ ಹತ್ತು ಉತ್ತರಗಳಿರುವುದು ಸಹಜ. ಮತ ಎಣಿಸಿ ಮುಗಿಸಬೇಡಿ. ಎರಡು ಅಭಿಪ್ರಾಯಗಳನ್ನೂ ಹೇಳಿದವರ ಮಾತಿನಲ್ಲೇ ಒಂದೇ ಫಲಕದಲ್ಲಿ ಅಕ್ಕಪಕ್ಕ ಹಾಕಬಹುದು. ಇಲ್ಲವೇ ಆ ವಿಷಯವನ್ನು ಈ ಬಾರಿ ಬಿಟ್ಟು, ಬಿಟ್ಟಿದ್ದೇವೆ ಎಂದು ನಡಾವಳಿಯಲ್ಲಿ ಬರೆಯಬಹುದು. ಸಂಸ್ಥೆಯು ಸಮಿತಿಯ ಮಾತಿಗೆ ಒಪ್ಪದ ಪ್ರಸಂಗ ಬಂದರೆ ಉತ್ತರವನ್ನು ಹದಿನೈದು ದಿನದೊಳಗೆ ಕಾರಣ ಸಹಿತ ಬರೆದು ಕೊಡಲಿ. "ಪರಿಶೀಲಿಸಲಾಗುವುದು" ಎಂಬ ಪದವನ್ನು ಆ ಪತ್ರದಲ್ಲಿ ಬಳಸದಿದ್ದರೆ ಅರ್ಧ ಮನಸ್ತಾಪ ಕಡಿಮೆಯಾಗುತ್ತದೆ.

ಬಾಗಿಲು ತೆರೆದ ಮೇಲೆ

ಉದ್ಘಾಟನೆಗೆ ಡಮಾಮಿ ಕುಣಿತವನ್ನು ಕರೆಸುವ ಆಸೆ ಎಲ್ಲರಿಗೂ ಬರುತ್ತದೆ. ಸಮಿತಿಗೆ ಇಷ್ಟವಿದ್ದರೆ ಆಗಲಿ, ಆದರೆ ಆ ದಿನ ಸಿದ್ದಿಯರು ಕುಣಿಯುವವರಾಗಿ ಮಾತ್ರ ವೇದಿಕೆಯ ಮೇಲಿದ್ದು, ಮಾತಾಡುವವರೆಲ್ಲ ಬೇರೆಯವರಾಗಿದ್ದರೆ ಒಂದೂವರೆ ವರ್ಷದ ಕೆಲಸ ಒಂದು ಗಂಟೆಯಲ್ಲಿ ಮಣ್ಣುಪಾಲಾಗುತ್ತದೆ. ಶಾಂತಾರಾಮ ಸಿದ್ದಿ ಅವರು 2020ರಲ್ಲಿ ವಿಧಾನ ಪರಿಷತ್ತಿನಲ್ಲಿ ಕುಳಿತ ಮೇಲೂ ವೇದಿಕೆಯಲ್ಲಿ ಮಾತಾಡಬಲ್ಲ ಸಿದ್ದಿಯರು ಸಿಗುವುದಿಲ್ಲ ಎನ್ನುವುದು ನೆಪ. ಸಲಹೆಗಾರರ ಹೆಸರುಗಳನ್ನು ಪ್ರವೇಶದ ಫಲಕದಲ್ಲಿ, ಪ್ರದರ್ಶನವನ್ನು ರೂಪಿಸಿದ ಕ್ಯುರೇಟರ್ ಹೆಸರಿನ ಅಳತೆಯಲ್ಲೇ ಹಾಕಿ. ಪ್ರದರ್ಶನ ನಡೆಯುವಷ್ಟು ಕಾಲ ಸಮುದಾಯದ ಇಬ್ಬರು ಯುವಕ ಯುವತಿಯರಿಗೆ ಮಾರ್ಗದರ್ಶಕರ ಕೆಲಸವನ್ನು ಸಂಬಳದ ಮೇಲೆ ಕೊಡಿ. ತಿಂಗಳಿಗೊಮ್ಮೆ ನೋಡುಗರ ಪುಸ್ತಕವನ್ನು ಸಮಿತಿಯೇ ಓದಲಿ, ತಿದ್ದಬೇಕೆಂದು ಕಂಡ ಫಲಕವನ್ನು ತಿದ್ದಲು ಮೊತ್ತದ ಒಂದು ಪಾಲನ್ನು ಮೊದಲೇ ತೆಗೆದಿಡಿ.

ಎರವಲು ಪಡೆದ ವಸ್ತುಗಳಿಗೆ ರಸೀದಿ ಕೊಡುವಾಗ ಮರಳಿಸುವ ದಿನವನ್ನೂ ಅದನ್ನು ಊರಿಗೆ ಒಯ್ಯುವವರ ಹೆಸರನ್ನೂ ಅಲ್ಲಿಯೇ ಬರೆಯಿರಿ. ಕೊನೆಯ ದಿನ ಕವಂದಿಯನ್ನು ಮನೆಯೊಡತಿಯ ಮುಂದೆಯೇ ಬಿಚ್ಚಿ, ಬಂದಾಗ ತೆಗೆದ ಫೋಟೋದೊಂದಿಗೆ ಎರಡೂ ಬದಿಯನ್ನು ಹೋಲಿಸಿ ತೋರಿಸಿ, ಅವರು ಸರಿಯಿದೆ ಎಂದ ಮೇಲೆ ವಹಿಯಲ್ಲಿ ಸಹಿ ಪಡೆಯಿರಿ.